ಸಿಹಿಗುಂಬಳದ ಸೂಪಿಗೆ ನೀರಲ್ಲ, ಹರಿವಾಣ ಬೇಕು

ಮೊನ್ನೆ ಬೆಂಗಳೂರಿಂದ ಬಂದ ಮೊಮ್ಮಗಳು ಸಿಹಿಗುಂಬಳದ ಸೂಪ್ ಮಾಡುತ್ತೇನೆಂದು ಒಲೆ ಮುಂದೆ ನಿಂತಳು. ಹೋಳು ಮುಳುಗುವಷ್ಟು ನೀರು ಸುರಿದು ಕುಕ್ಕರಿನಲ್ಲಿ ನಾಲ್ಕು ಸೀಟಿ ಹೊಡೆಸಿದಳು. ನೀರಾಯಿತೆಂದು ಕಾರ್ನ್‌ಫ್ಲೋರ್ ಕದಡಿ ಹಾಕಿದಳು. ರುಚಿಯಿಲ್ಲವೆಂದು ಪ್ಯಾಕೆಟ್ ಕ್ರೀಮೂ ಬಿತ್ತು. ಸೊಸೆಯೂ ಹೀಗೇ ಮಾಡುತ್ತಾಳೆ, ಪಕ್ಕದ ಮನೆಯವಳೂ ಹೀಗೇ. ಕಾಯಿಯೊಳಗೇ ಬೇಕಾದಷ್ಟು ನೀರಿರುವಾಗ ಮತ್ಯಾಕೆ ಸುರಿಯುತ್ತೀರಿ?

ಮೊದಲು ಕಾಯಿ ಬೆಳೆದದ್ದಿರಲಿ. ತೊಟ್ಟು ಒಣಗಿ ಕಟ್ಟಿಗೆಯಂತಾಗಿರಬೇಕು, ಉಗುರು ಊರಿದರೆ ಸಿಪ್ಪೆಯೊಳಗೆ ಇಳಿಯಬಾರದು. ಅಂಕೋಲಾ ಪೇಟೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಒಕ್ಕಲು ಸಮುದಾಯದ ಹೆಂಗಸರನ್ನು ಕೇಳಿದರೆ ಅವರೇ ಆರಿಸಿ ಕೊಡುತ್ತಾರೆ. ಎಳೆಯದು ಪಲ್ಯಕ್ಕಾಯಿತು, ಸೂಪಿಗೆ ಸಪ್ಪೆ.

ಈರುಳ್ಳಿ ಕುಮಟಾದ್ದಾದರೆ ಬಹಳ ಒಳ್ಳೆಯದು, ಅದಕ್ಕೆ ಸಿಹಿ ಹೆಚ್ಚು. ನನ್ನ ತವರು ಘಟ್ಟದ ಕೆಳಗೆ. ಮದುವೆಯಾಗಿ ಶಿರಸಿ ಕಡೆಗೆ ಬಂದ ಮೇಲೆ, ಪ್ರತಿ ವರ್ಷ ಮಳೆಗಾಲ ಹಿಡಿಯುವ ಮೊದಲು ಅಪ್ಪಯ್ಯ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಎರಡು ಗೊಂಚಲು ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದ. ಅಡುಗೆಮನೆಯ ಜಂತಿಗೆ ಕಟ್ಟಿದರೆ ಎಷ್ಟೋ ದಿನಕ್ಕೆ ಬರುತ್ತಿತ್ತು. ಈಗಲೂ ಬೇಸಿಗೆಯಲ್ಲಿ ಅಳ್ವೇಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ 66ರ ಬದಿಗೆ ಜಡೆ ಹೆಣೆದ ಹಾಗೆ ತೂಗುಹಾಕಿರುತ್ತಾರೆ. ಆ ಈರುಳ್ಳಿ ಸಿಗದಿದ್ದರೆ ಕೊನೆಗೆ ಒಂಚೂರು ಜೋನಿಬೆಲ್ಲ, ಅಂದರೆ ನೀರುಬೆಲ್ಲ, ಹಾಕಿ.

ದಪ್ಪ ತಳದ ತಪ್ಪಲೆಯಲ್ಲಿ ತುಪ್ಪ ಕಾಯಿಸಿ ಈರುಳ್ಳಿ ಬಾಡಿಸಿ. ಕೆಂಪಾಗಬಾರದು. ಹೋಳು, ಜಜ್ಜಿದ ಶುಂಠಿ, ಉಪ್ಪು ಹಾಕಿ. ಉಪ್ಪು ಈಗಲೇ ಬೀಳಬೇಕು, ಅದೇ ಹೋಳಿನಿಂದ ನೀರು ಬಿಡಿಸುವುದು. ಇನ್ನು ಮುಚ್ಚಳ. ಮುಚ್ಚಳವೆಂದರೆ ಗಾಜಿನದಲ್ಲ, ಅಂಚೆದ್ದ ಹರಿವಾಣ. ತಪ್ಪಲೆಯ ಬಾಯಿಗಿಂತ ಎರಡು ಬೆರಳು ಅಗಲವಿರಲಿ, ನಡುವೆ ತುಸು ತಗ್ಗಿದ್ದರೆ ಇನ್ನೂ ಒಳ್ಳೆಯದು. ಅದನ್ನು ಮುಚ್ಚಿ ಅದರೊಳಗೆ ಒಂದು ಲೋಟ ತಣ್ಣೀರು ಹೊಯ್ಯಿರಿ. ಮೇಲೆದ್ದ ಆವಿ ತಣ್ಣಗಿನ ಹರಿವಾಣಕ್ಕೆ ತಾಗಿ, ಹನಿಯಾಗಿ, ಪುನಃ ಹೋಳಿನ ಮೇಲೇ ಬೀಳುತ್ತದೆ. ಕಾಯಿಯ ರಸ ಕಾಯಿಗೇ. ಉರಿ ಸಣ್ಣದಿರಲಿ. ಅತ್ತೆ ಕಟ್ಟಿಗೆ ಒಲೆಯಿಂದ ಕೊಳ್ಳಿ ಹಿಂದಕ್ಕೆಳೆದು ಬರೀ ಕೆಂಡದ ಮೇಲೆ ಬೇಯಿಸುತ್ತಿದ್ದರು. ಹರಿವಾಣ ಎತ್ತಿ ಇಣುಕಿದರೆ ನನ್ನ ಕೈಗೇ ಪೆಟ್ಟು. 'ಕಿವಿ ಕೊಟ್ಟು ಕೇಳು ಮಾರಾಯ್ತಿ' ಎನ್ನುತ್ತಿದ್ದರು. ಒಳಗೆ ಬುಳುಬುಳು ಎಂದರೆ ಸರಿ, ಚುರುಚುರು ಎಂದರೆ ತಳ ಹಿಡಿಯುತ್ತಿದೆ. ಮೇಲಿನ ನೀರು ಬೆರಳಿಗೆ ಸುಡುವಷ್ಟಾದರೆ ಬದಲಿಸಿ. ತಳ ಹಿಡಿಯುವ ಹಾಗಿದ್ದರೆ ಆ ಬಿಸಿನೀರನ್ನೇ ಒಂದು ಸೌಟು ಒಳಗೆ ಹಾಕಿ. ಸೌಟಿನ ಬೆನ್ನಿಗೆ ಹೋಳು ಬೆಣ್ಣೆಯಂತೆ ಕುಸಿದರೆ ಬೆಂದಿತು.

ಬಿಸಿಬಿಸಿಯನ್ನು ಮಿಕ್ಸಿಗೆ ಹಾಕಬೇಡಿ, ಮುಚ್ಚಳ ಹಾರಿ ಮೈಮೇಲೆ ಬೀಳುತ್ತದೆ. ಆರಿದ ಮೇಲೆ ರುಬ್ಬಿ, ಒಮ್ಮೆ ಜರಡಿಯಲ್ಲಿ ಸೋಸಿ.

ಕ್ರೀಮಿನ ಬದಲು ತೆಂಗಿನ ಕಾಯಿಹಾಲು, ಮೊದಲ ಸಲ ಹಿಂಡಿದ ಗಟ್ಟಿ ಹಾಲು ಮಾತ್ರ. ರುಬ್ಬಿದ್ದನ್ನು ಬಿಸಿ ಮಾಡಿ, ಒಲೆ ಆರಿಸಿ, ಆಮೇಲೆ ಹಾಲು ಹಾಕಿ ತಿರುವಿ. ಕುದಿಸಿದರೆ ಹಾಲು ಒಡೆದು ಎಣ್ಣೆ ಬೇರೆ, ನೀರು ಬೇರೆಯಾಗುತ್ತದೆ. ಹಿಂಡಿದ ಬಟ್ಟೆಯನ್ನು ಸಿಂಕಿನ ಮೂಲೆಯಲ್ಲಿ ಮುದ್ದೆ ಮಾಡಿ ಬಿಡುವ ಅಭ್ಯಾಸ ಈಗಿನವರಿಗೆಲ್ಲ ಇದೆ, ಮರುದಿನ ಮನೆಯೆಲ್ಲ ಮುಗ್ಗು ವಾಸನೆ. ಆಗಲೇ ಬಿಸಿನೀರಿನಲ್ಲಿ ಅಂಟುವಾಳದ ನೊರೆ ಹಾಕಿ ತಿಕ್ಕಿ ಬಿಸಿಲಿಗೆ ಹರವಿ.

ಕಾಳುಮೆಣಸು ಆಗಷ್ಟೇ ಕುಟ್ಟಿದ್ದು, ತರಿತರಿ ಇರಲಿ. ಬಟ್ಟಲಿಗೆ ಬಡಿಸಿದ ಮೇಲೆ ಉದುರಿಸಿ. ರಾತ್ರಿಗೆ ಉಳಿಸುವುದಾದರೆ ಕಾಯಿಹಾಲು ಹಾಕುವ ಮೊದಲೇ ಬೇರೆ ತೆಗೆದಿಡಿ.