ನೆನಪು ಅಳಿಸದಂತೆ ಎಲೆಕ್ಟ್ರಾನನ್ನು ಸಾಗಿಸುವುದು ಹೇಗೆ?

ಒಂದೇ ಒಂದು ಎಲೆಕ್ಟ್ರಾನ್. ಅದರ ಸ್ಪಿನ್‌ನಲ್ಲಿ, ಅಂದರೆ ಅದನ್ನು ಪುಟ್ಟ ಆಯಸ್ಕಾಂತದಂತೆ ಮಾಡುವ ಗುಣದಲ್ಲಿ, ಒಂದು ಕ್ಯೂಬಿಟ್ ಇದೆ. ಕ್ಯೂಬಿಟ್ ಎಂದರೆ ಕ್ವಾಂಟಮ್ ಕಂಪ್ಯೂಟರಿನ ಮಾಹಿತಿಯ ಚಿಕ್ಕ ತುಣುಕು, ಎಲೆಕ್ಟ್ರಾನಿನ ನೆನಪು ಎಂದರೆ ಅದೇ. ಆ ಎಲೆಕ್ಟ್ರಾನನ್ನು ಚಿಪ್‌ನ ಈ ಮೂಲೆಯಿಂದ ಆ ಮೂಲೆಗೆ ಒಯ್ಯಬೇಕು. ಎಲೆಕ್ಟ್ರಾನ್ ಓಡಿಸುವುದೇನೂ ದೊಡ್ಡ ವಿಷಯವಲ್ಲ, ಮನೆಯ ಬಲ್ಬ್ ಕೂಡ ಅದನ್ನೇ ಮಾಡುತ್ತದೆ. ಅದು ಹೊತ್ತಿರುವ ಸ್ಪಿನ್‌ಗೆ ಧಕ್ಕೆಯಾಗದ ಹಾಗೆ ಓಡಿಸುವುದಿದೆಯಲ್ಲ, ಕಷ್ಟ ಅಲ್ಲಿದೆ.

ಕ್ವಾಂಟಮ್ ಡಾಟ್ ಎಂಬ ಪುಟ್ಟ ಗುಂಡಿಯಲ್ಲಿ ಕೂತ ಎಲೆಕ್ಟ್ರಾನ್‌ನ ಸ್ಪಿನ್ನನ್ನೇ ಕ್ಯೂಬಿಟ್ ಆಗಿ ಬಳಸಬಹುದು ಎಂದು ಭೌತವಿಜ್ಞಾನಿಗಳಾದ ಡೇನಿಯಲ್ ಲಾಸ್ ಮತ್ತು ಡೇವಿಡ್ ಡಿವಿನ್ಚೆಂಜೊ 1998ರಲ್ಲಿ ಬರೆದರು. ಆದರೆ ಎರಡು ಸ್ಪಿನ್‌ಗಳು ಒಂದಕ್ಕೊಂದು ಸ್ಪಂದಿಸಬೇಕಾದರೆ ತೀರಾ ಪಕ್ಕಪಕ್ಕದಲ್ಲಿರಬೇಕು, ಹೆಚ್ಚೆಂದರೆ 100 ನ್ಯಾನೊಮೀಟರ್ ಆಸುಪಾಸು. ಹಾಗಂತ ಎಲ್ಲವನ್ನೂ ಒತ್ತೊತ್ತಾಗಿ ಕೂರಿಸಿದರೆ ವೈರ್ ಎಳೆಯಲು ಜಾಗವೇ ಉಳಿಯುವುದಿಲ್ಲ. ಅದಕ್ಕೇ ಸಾಗಿಸುವ ಯೋಚನೆ ಬಂತು. ಕ್ಯೂಬಿಟ್‌ಗಳು ದೂರದೂರ ಇರಲಿ, ಕೆಲಸ ಇದ್ದಾಗ ಹತ್ತಿರ ಬರಲಿ.

1. ಗುಂಡಿ ತೋಡುವುದು

ಸಿಲಿಕಾನ್-ಜರ್ಮೇನಿಯಂ ಪದರಗಳ ನಡುವೆ ಕೆಲವೇ ನ್ಯಾನೊಮೀಟರ್ ದಪ್ಪದ ಶುದ್ಧ ಸಿಲಿಕಾನ್ ಪದರ ಇರುತ್ತದೆ. ಎಲೆಕ್ಟ್ರಾನ್ ಅದರೊಳಗೆ ಸಿಕ್ಕಿಕೊಂಡಿರುತ್ತದೆ, ಮೇಲಕ್ಕೂ ಹೋಗಲಾರದು, ಕೆಳಕ್ಕೂ ಹೋಗಲಾರದು. ಇನ್ನು ಅಕ್ಕಪಕ್ಕ ತಡೆಯಬೇಕು. ಅದಕ್ಕೆ ಮೇಲೆ ಸಣ್ಣ ಲೋಹದ ಗೇಟ್‌ಗಳಿವೆ. ಒಂದು ಗೇಟ್‌ಗೆ ಪಾಸಿಟಿವ್ ವೋಲ್ಟೇಜ್ ಕೊಟ್ಟರೆ ಅದರ ಕೆಳಗೆ ಎಲೆಕ್ಟ್ರಾನ್ ಕೂರುವ ಶಕ್ತಿಯ ಗುಂಡಿ ಬೀಳುತ್ತದೆ, ಆ ಗುಂಡಿಯೇ ಕ್ವಾಂಟಮ್ ಡಾಟ್. ಗುಂಡಿ ತೋಡುವ ಗೇಟ್‌ಗೆ ಪ್ಲಂಜರ್ ಗೇಟ್ ಎಂದು ಹೆಸರು. ಎರಡು ಗುಂಡಿಗಳ ನಡುವಿನ ದಿಣ್ಣೆಯನ್ನು ಎತ್ತರ ತಗ್ಗು ಮಾಡುವುದು ಬ್ಯಾರಿಯರ್ ಗೇಟ್.

ಸಿಲಿಕಾನ್ ಕೂಡ ಯಾವುದೋ ಒಂದು ನಡೆಯುವುದಿಲ್ಲ. ಸಹಜ ಸಿಲಿಕಾನ್‌ನಲ್ಲಿ ಶೇ 4.7ರಷ್ಟು ಸಿಲಿಕಾನ್-29 ಇರುತ್ತದೆ. ಅದರ ನ್ಯೂಕ್ಲಿಯಸ್ಸಿಗೂ ಸ್ಪಿನ್ ಇದೆ, ಅದು ನಮ್ಮ ಕ್ಯೂಬಿಟ್ಟನ್ನು ಸುಮ್ನೆ ಕೂರಲು ಬಿಡುವುದಿಲ್ಲ. ಹಾಗಾಗಿ ಅದನ್ನು ಬೇರ್ಪಡಿಸಿ, ಸ್ಪಿನ್ ಇಲ್ಲದ ಸಿಲಿಕಾನ್-28 ಬಳಸುತ್ತಾರೆ. ಮೊದಮೊದಲ ಪ್ರಯೋಗಗಳು ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ನಡೆದಿದ್ದವು. ಅಲ್ಲಿ ಎಲ್ಲ ನ್ಯೂಕ್ಲಿಯಸ್ಸಿಗೂ ಸ್ಪಿನ್ ಇರುವುದರಿಂದ ಈ ಉಪಾಯ ಸಾಧ್ಯವೇ ಇರಲಿಲ್ಲ. ಕೊನೆಗೆ ಇಡೀ ಚಿಪ್ಪನ್ನು ಡೈಲ್ಯೂಷನ್ ರೆಫ್ರಿಜರೇಟರಿನಲ್ಲಿಟ್ಟು ಸೊನ್ನೆ ಕೆಲ್ವಿನ್‌ನ, ಅಂದರೆ ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್‌ನ, ಹತ್ತಿರಕ್ಕೆ ತಣಿಸಬೇಕು.

2. ಒಂದೇ ಎಲೆಕ್ಟ್ರಾನ್ ಉಳಿಸುವುದು

ಗುಂಡಿಯೊಳಗೆ ಎಷ್ಟು ಎಲೆಕ್ಟ್ರಾನ್ ಇವೆ ಎಂದು ಹೇಗೆ ತಿಳಿಯುವುದು? ಪಕ್ಕದಲ್ಲಿ ಇನ್ನೊಂದು ಡಾಟ್ ಇಟ್ಟು ಅದರ ಮೂಲಕ ಚೂರೇ ಕರೆಂಟ್ ಹರಿಸುತ್ತಾರೆ. ಗುಂಡಿಗೆ ಒಂದು ಎಲೆಕ್ಟ್ರಾನ್ ಬಂದರೂ ಹೋದರೂ ಆ ಕರೆಂಟ್ ತಟ್ಟನೆ ಬದಲಾಗುತ್ತದೆ.

ಈಗ ಎರಡು ಪ್ಲಂಜರ್‌ಗಳ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಸ್ಕ್ರೀನ್ ಮೇಲೆ ಚಿತ್ರ ಬಿಡಿಸಿ. ಒಂದು ವೋಲ್ಟೇಜ್ ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ. ಕರೆಂಟ್ ಬದಲಾದ ಕಡೆಯೆಲ್ಲ ಒಂದೊಂದು ಚುಕ್ಕಿ. ಚುಕ್ಕಿಗಳು ಕೂಡಿ ಓರೆ ಗೆರೆಗಳಾಗುತ್ತವೆ, ಗೆರೆಗಳು ಕೂಡಿ ಜೇನುಗೂಡಿನ ಕಣ್ಣುಗಳಂತೆ ಕಾಣುತ್ತವೆ. ವೋಲ್ಟೇಜ್ ಇಳಿಸುತ್ತಾ ಎಡಗಡೆಯ ಕೆಳಮೂಲೆಯತ್ತ ಹೋದರೆ ಕೊನೆಗೆ ಒಂದು ಗೆರೆಯೂ ಇಲ್ಲದ ಖಾಲಿ ಜಾಗ ಸಿಗುತ್ತದೆ. ಅಲ್ಲಿ ಎರಡೂ ಗುಂಡಿ ಖಾಲಿ. ಅಲ್ಲಿಂದ ಮೇಲಕ್ಕೊಂದು, ಬಲಕ್ಕೊಂದು ಗೆರೆ ದಾಟಿದರೆ ಗುಂಡಿಗೊಂದರಂತೆ ಎಲೆಕ್ಟ್ರಾನ್. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾಗುವ ಚಿತ್ರ ಇದು. ಕಣ್ಣಿಗೆ ಕಾಣದ ಎಲೆಕ್ಟ್ರಾನನ್ನು ಬೆರಳಿಟ್ಟು ಎಣಿಸಬಹುದು, ಅಲ್ವಾ?

ಒಂದು ಗೇಟ್ ಮುಟ್ಟಿದರೆ ಪಕ್ಕದ ಗುಂಡಿಯೂ ಅಲುಗುತ್ತದೆ. ಆದ್ದರಿಂದ ಒಂದನ್ನು ಏರಿಸುವಾಗ ಉಳಿದವನ್ನು ಲೆಕ್ಕಹಾಕಿ ಇಳಿಸುತ್ತಾರೆ. ಈ ಕೂಡುಲೆಕ್ಕಕ್ಕೆ ವರ್ಚುವಲ್ ಗೇಟ್ ಎಂದು ಹೆಸರು.

3. ಸ್ಪಿನ್ ತಿರುಗಿಸುವುದು

ಕಾಂತಕ್ಷೇತ್ರದಲ್ಲಿ ಸ್ಪಿನ್ ಮೇಲು, ಸ್ಪಿನ್ ಕೆಳಗು ಎಂಬ ಎರಡು ಸ್ಥಿತಿಗಳ ಶಕ್ತಿ ಬೇರೆಬೇರೆಯಾಗುತ್ತದೆ. ಕಾಂತಕ್ಷೇತ್ರದ ಬಲ ಒಂದು ಟೆಸ್ಲಾ ಇದ್ದರೆ, ಆವರ್ತನದ ಲೆಕ್ಕದಲ್ಲಿ ಸುಮಾರು 28 ಗಿಗಾಹರ್ಟ್ಸ್‌ನಷ್ಟು ವ್ಯತ್ಯಾಸ. ಸರಿಯಾಗಿ ಅದೇ ಆವರ್ತನದ ಮೈಕ್ರೋವೇವ್ ಕೊಟ್ಟರೆ ಸ್ಪಿನ್ ತಿರುಗುತ್ತದೆ. ಎಷ್ಟು ಹೊತ್ತು ಕೊಡುತ್ತೀರೋ ಅಷ್ಟು ತಿರುಗುತ್ತದೆ. ಎಷ್ಟೋ ಚಿಪ್‌ಗಳಲ್ಲಿ ಪಕ್ಕದಲ್ಲೇ ಪುಟ್ಟ ಕೋಬಾಲ್ಟ್ ಆಯಸ್ಕಾಂತ ಇರುತ್ತದೆ. ಆಗ ಒಂದೊಂದು ಗುಂಡಿಯಲ್ಲೂ ಕಾಂತಕ್ಷೇತ್ರ ಚೂರು ಬೇರೆ, ಆವರ್ತನವೂ ಬೇರೆ. ಬೇಕಾದ ಕ್ಯೂಬಿಟ್ಟನ್ನು ಮಾತ್ರ ಕರೆಯಬಹುದು.

ಎರಡು ಕ್ಯೂಬಿಟ್‌ಗಳನ್ನು ಸೇರಿಸಿ ಮಾಡುವ ಲೆಕ್ಕದ ಹೆಜ್ಜೆಗೂ ಗೇಟ್ ಎಂದೇ ಹೆಸರು, ಇದು ಲೋಹದ ಗೇಟ್ ಅಲ್ಲ. ಅದಕ್ಕೆ ನಡುವಿನ ದಿಣ್ಣೆಯನ್ನು ಕ್ಷಣಹೊತ್ತು ತಗ್ಗಿಸಿದರೆ ಸಾಕು. ಎರಡರ ಸ್ಪಿನ್‌ಗಳೂ ಒಂದನ್ನೊಂದು ತಟ್ಟುತ್ತವೆ, ಮತ್ತೆ ದಿಣ್ಣೆ ಎತ್ತಿದರೆ ಬೇರೆಯಾಗುತ್ತವೆ. 2022ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್, ಜಪಾನಿನ ರೈಕೆನ್ ಮತ್ತು ಆಸ್ಟ್ರೇಲಿಯಾದ ತಂಡಗಳು ಸಿಲಿಕಾನ್‌ನಲ್ಲಿ ಎರಡು ಕ್ಯೂಬಿಟ್‌ಗಳ ಗೇಟ್‌ಗಳನ್ನು ಶೇ 99ಕ್ಕಿಂತ ಜಾಸ್ತಿ ನಿಖರತೆಯಲ್ಲಿ ಮಾಡಿ ತೋರಿಸಿದವು. ಆಸ್ಟ್ರೇಲಿಯಾದವರು ಬಳಸಿದ್ದು ಡಾಟ್ ಅಲ್ಲ, ಸಿಲಿಕಾನ್‌ನಲ್ಲಿ ಹುದುಗಿಸಿದ ಫಾಸ್ಫರಸ್ ಪರಮಾಣು.

4. ಸಾಗಿಸುವುದು

ಇದಕ್ಕೆ ಎರಡು ದಾರಿಗಳಿವೆ. ಒಂದು, ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ ಗುಂಡಿಯಿಂದ ಗುಂಡಿಗೆ ದಾಟಿಸುವುದು. ಮುಂದಿನ ಗುಂಡಿಯನ್ನು ಆಳ ಮಾಡಿ, ಹಿಂದಿನದನ್ನು ಎತ್ತಿದರೆ ಎಲೆಕ್ಟ್ರಾನ್ ಆಚೆ ಜಾರುತ್ತದೆ. ಆದರೆ ಪ್ರತಿ ಸಲ ದಾಟಿಸುವಾಗಲೂ ವೋಲ್ಟೇಜ್ ಕರಾರುವಾಕ್ಕಾಗಿ ಹೊಂದಿಸಬೇಕು. ಆತುರಪಟ್ಟರೆ ಎಲೆಕ್ಟ್ರಾನ್ ಹಿಂದೆಯೇ ಉಳಿದುಬಿಡುತ್ತದೆ. ದಾಟಿಸುವುದು ಜಾಸ್ತಿಯಾದಷ್ಟೂ ತಪ್ಪು ಜಾಸ್ತಿ.

ಎರಡನೆಯದು ಕನ್ವೇಯರ್. ಸಾಲಾಗಿರುವ ಗೇಟ್‌ಗಳಿಗೆ 1, 2, 3, 4, ಮತ್ತೆ 1, 2, 3, 4 ಎಂದು ನಂಬರ್ ಕೊಡಿ. ಎಲ್ಲ 1ನೇ ನಂಬರ್ ಗೇಟ್‌ಗಳೂ ಒಂದೇ ವೈರಿಗೆ, ಎಲ್ಲ 2ನೇ ನಂಬರಿನವು ಇನ್ನೊಂದಕ್ಕೆ. ನಾಲ್ಕೂ ವೈರಿಗೆ ಏರಿಳಿಯುವ ವೋಲ್ಟೇಜ್ ಹಾಕಿ, ಒಂದಕ್ಕಿಂತ ಇನ್ನೊಂದು ಕಾಲು ಸುತ್ತು ಹಿಂದೆ ಇರಲಿ. ಆಗ ಗುಂಡಿಯೇ ಅಲೆಯಂತೆ ಮುಂದಕ್ಕೆ ಹೊರಡುತ್ತದೆ. ಎಲೆಕ್ಟ್ರಾನ್ ಎಲ್ಲಿಗೂ ಜಿಗಿಯಬೇಕಿಲ್ಲ, ಕೂತ ಗುಂಡಿಯ ಜೊತೆಗೇ ಸಾಗುತ್ತದೆ. ವೋಲ್ಟೇಜ್‌ಗಳ ಕ್ರಮ ತಿರುವುಮುರುವು ಮಾಡಿದರೆ ಅಲೆ ಹಿಂದಕ್ಕೆ ಬರುತ್ತದೆ. ದಾರಿ ಎಷ್ಟೇ ಉದ್ದವಿರಲಿ, ಅಲೆ ಎಬ್ಬಿಸಲು ನಾಲ್ಕೇ ವೈರ್. ವೈರ್ ತೊಂದರೆಯಿಂದ ಶುರುವಾದ ಕೆಲಸಕ್ಕೆ ಇದಕ್ಕಿಂತ ಒಪ್ಪುವ ದಾರಿ ಬೇರೆ ಇಲ್ಲ ಎಂದು ನನಗನಿಸುತ್ತದೆ.

2024ರಲ್ಲಿ ಡೆಲ್ಫ್ಟ್ ತಂಡ ಎರಡನ್ನೂ ಹೋಲಿಸಿ ನೋಡಿತು. ಕನ್ವೇಯರ್ ಸ್ಪಷ್ಟವಾಗಿ ಮೇಲುಗೈ ಸಾಧಿಸಿತು. ಹೋಗಿ ಬಂದದ್ದೆಲ್ಲ ಸೇರಿ 10 ಮೈಕ್ರೋಮೀಟರ್‌ಗೆ ಸಮನಾದ ದೂರವನ್ನು ಸ್ಪಿನ್ 200 ನ್ಯಾನೊಸೆಕೆಂಡ್‌ಗೂ ಕಡಿಮೆ ಹೊತ್ತಿನಲ್ಲಿ ಕ್ರಮಿಸಿತು. ನಿಖರತೆ ಶೇ 99.5. ಲೆಕ್ಕ ಹಾಕಿದರೆ ಗಂಟೆಗೆ 180 ಕಿ.ಮೀ.ಗೂ ಜಾಸ್ತಿ ವೇಗ!

5. ದಾರಿಯ ತೊಡಕು

ಸಿಲಿಕಾನ್‌ನ ಎಲೆಕ್ಟ್ರಾನ್‌ಗೆ ಸ್ಪಿನ್ ಅಲ್ಲದೆ ವ್ಯಾಲಿ ಎಂಬ ಇನ್ನೊಂದು ಗುಣ ಇದೆ. ಎರಡು ವ್ಯಾಲಿ ಸ್ಥಿತಿಗಳ ನಡುವಿನ ಶಕ್ತಿಯ ಅಂತರ ಒಂದೊಂದು ಜಾಗದಲ್ಲಿ ಒಂದೊಂದು ಥರ. ಪರಮಾಣುಗಳು ಅಲ್ಲಿ ಹೇಗೆ ಕೂತಿವೆ ಎನ್ನುವುದರ ಮೇಲೆ ಅದು ನಿಂತಿದೆ. ಅಂತರ ತೀರಾ ಕಿರಿದಾದ ಕಡೆ ವೇಗವಾಗಿ ಹೋದರೆ ಎಲೆಕ್ಟ್ರಾನ್ ಮೇಲಿನ ವ್ಯಾಲಿಗೆ ಹಾರಿಬಿಡುತ್ತದೆ, ಸ್ಪಿನ್‌ನ ಲೆಕ್ಕ ತಪ್ಪುತ್ತದೆ. ನಿಧಾನ ಹೋದರೆ ಸುತ್ತಲಿನ ಗದ್ದಲಕ್ಕೆ ನೆನಪು ಕರಗುತ್ತದೆ. ಹಾಗಾಗಿ ಅಂಥ ಜಾಗಗಳನ್ನು ಮೊದಲೇ ಗುರುತಿಸಿ, ಅವನ್ನು ತಪ್ಪಿಸಿ ಸುತ್ತಿ ಹೋಗುವ ದಾರಿಗಳನ್ನೂ ಯೋಚಿಸುತ್ತಿದ್ದಾರೆ.

6. ಓದುವುದು

ಒಂದು ಸ್ಪಿನ್‌ನ ಕಾಂತಕ್ಷೇತ್ರ ತೀರಾ ಸಣ್ಣದು, ನೇರವಾಗಿ ಅಳೆಯುವುದು ಕಷ್ಟ. ಅದಕ್ಕೆ ಒಂದೇ ಸ್ಪಿನ್‌ನ ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಿತಿಯಲ್ಲಿ ಇರಲಾರವು ಎಂಬ ಪೌಲಿ ನಿಯಮವನ್ನು ಬಳಸುತ್ತಾರೆ. ಜೊತೆಗಾರ ಎಲೆಕ್ಟ್ರಾನ್ ಇರುವ ಗುಂಡಿಗೆ ಇದನ್ನು ತಳ್ಳಿ ನೋಡುತ್ತಾರೆ. ಇಬ್ಬರ ಸ್ಪಿನ್ ವಿರುದ್ಧವಾಗಿ ಜೋಡಿಯಾಗಿದ್ದರೆ ಒಳಗೆ ಬಿಡುತ್ತದೆ, ಒಂದೇ ಕಡೆಗಿದ್ದರೆ ಬಿಡುವುದಿಲ್ಲ. ಒಳಗೆ ಹೋಯಿತೋ ಇಲ್ಲವೋ ಎಂದು ಎರಡನೇ ಹಂತದ ಸೆನ್ಸರ್ ಹೇಳುತ್ತದೆ.

ಸಾಗಾಟದಲ್ಲಿ ನೆನಪು ಉಳಿಯಿತೇ ಎಂದು ನೋಡಲು ಸ್ಪಿನ್ನನ್ನು ಅರ್ಧ ಮಾತ್ರ ತಿರುಗಿಸಿ, ಮೇಲೂ ಅಲ್ಲದ ಕೆಳಗೂ ಅಲ್ಲದ ಸ್ಥಿತಿಯಲ್ಲಿಟ್ಟು ಕಳಿಸುತ್ತಾರೆ. ವಾಪಸ್ ತಂದು ಮತ್ತೆ ಅರ್ಧ ತಿರುಗಿಸಿ ಓದುತ್ತಾರೆ. ದಾರಿಯುದ್ದಕ್ಕೂ ಕಾಂತಕ್ಷೇತ್ರ ಬದಲಾಗುವುದರಿಂದ ಸ್ಪಿನ್ ಒಂದಿಷ್ಟು ಸುತ್ತಿಕೊಂಡೇ ಬಂದಿರುತ್ತದೆ. ಅದು ತಪ್ಪಲ್ಲ, ಪ್ರತಿ ಸಲವೂ ಅಷ್ಟೇ ಸುತ್ತಿದರೆ ಲೆಕ್ಕದಲ್ಲಿ ಕಳೆದುಬಿಡಬಹುದು. ಇದನ್ನೇ ನೂರಾರು ಸಲ ಮಾಡಿ ಗ್ರಾಫ್ ಹಾಕಿದರೆ ಒಂದು ಅಲೆ ಮೂಡುತ್ತದೆ. ದೂರ ಹೆಚ್ಚಿಸುತ್ತಾ ಹೋದಂತೆ ಆ ಅಲೆಯ ಎತ್ತರ ಎಲ್ಲಿ ಕುಗ್ಗಲು ಶುರುವಾಗುತ್ತದೆ ಎಂಬುದನ್ನೇ ಅವರು ಕಣ್ಣಿಟ್ಟು ನೋಡುವುದು.