ನನ್ನ ಅನುಭವ: ಹನ್ನೆರಡಾಣೆ ಹೋಯಿತು, ನಾಲ್ಕಾಣೆ ಉಳಿಯಿತು

ನಾನು ರಾಯಚೂರಿನಲ್ಲಿ ಅರಿವಳಿಕೆ ವೈದ್ಯೆ. ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಪೆಕ್ಸ್ ಬ್ಲಾಕ್, ಅಂದರೆ ಎದೆಯ ನರಗಳನ್ನು ಮರಗಟ್ಟಿಸುವ ಇಂಜೆಕ್ಷನ್, ಕೊಡಲು ಶುರು ಮಾಡಿದ ಹೊಸದರಲ್ಲಿ, ಅದನ್ನು ಪಡೆದಿದ್ದ ಮಾನ್ವಿ ಕಡೆಯ ಒಬ್ಬ ಹಿರಿಯರು ನನ್ನ ಜಂಬ ಇಳಿಸಿದರು. ಸಂಜೆ ವಾರ್ಡಿಗೆ ಹೋಗಿ, ನೋವು ಹತ್ತಕ್ಕೆ ಎಷ್ಟು ಅಂತ ಕೇಳಿದೆ. ಈ ಹತ್ತರ ಲೆಕ್ಕ ಅವರಿಗೆ ಹಿಡಿಸಲಿಲ್ಲ. "ಬ್ಯಾನಿ ಹನ್ನೆರಡಾಣೆ ಹೋಗೈತ್ರಿ ಮೇಡಂ. ಇಲ್ಲಿ ಮಾತ್ರ ನಾಕಾಣೆ ಉಳದೈತಿ" ಅಂದು ಎದೆಗೂಡಿನ ನಡುಮೂಳೆಯ ಪಕ್ಕಕ್ಕೆ ಬೆರಳಿಟ್ಟರು.

ಬೆರಳು ಸರಿಯಾದ ಜಾಗದಲ್ಲೇ ಇತ್ತು. ಈ ಬ್ಲಾಕನ್ನು ಅರಿವಳಿಕೆ ವೈದ್ಯ ರಫಾಯೆಲ್ ಬ್ಲಾಂಕೊ 2011ರಲ್ಲಿ ವಿವರಿಸಿದರು, ಮರುವರ್ಷ ಅದನ್ನೇ ಕಂಕುಳಿನ ಕಡೆಗೂ ಬೆಳೆಸಿದರು. ಅಲ್ಟ್ರಾಸೌಂಡ್ ನೋಡುತ್ತಾ ಎದೆಯ ಎರಡು ಪೆಕ್ಟೊರಲ್ ಸ್ನಾಯುಗಳ ನಡುವೆ 10 ಎಂಎಲ್ ಔಷಧಿ ಬಿಡುತ್ತೇವೆ. ಆಮೇಲೆ ಚಿಕ್ಕ ಸ್ನಾಯುವಿನ ಕೆಳಗೆ, ಮೂರು-ನಾಲ್ಕನೇ ಪಕ್ಕೆಲುಬಿನ ಹತ್ತಿರ 20 ಎಂಎಲ್. ಪಕ್ಕದಿಂದ ಬರುವ ನರಗಳು ಮರಗಟ್ಟುತ್ತವೆ, ಕಂಕುಳೂ ಬಹುಮಟ್ಟಿಗೆ ಸುಮ್ಮನಾಗುತ್ತದೆ. ಆದರೆ ನಡುಮೂಳೆಯ ಅಂಚಿನಲ್ಲಿ ಮೇಲೆ ಬರುವ ನರಗಳಿಗೆ ಈ ಔಷಧಿ ತಲುಪುವುದೇ ಇಲ್ಲ. ಓದಿದ್ದೆ, ಮರೆತಿದ್ದೆ.

ಈಗ ಆ ಜಾಗಕ್ಕೆ ಸ್ವಲ್ಪ ಔಷಧಿ ಉಳಿಸಿಕೊಳ್ಳುತ್ತೇನೆ. ನಮ್ಮಲ್ಲಿಗೆ ಬರುವವರು ಹೊಲದಲ್ಲಿ ದುಡಿದು ಸಣಕಲಾದವರು, 45 ಕೆಜಿ ಇದ್ದರೆ ಜಾಸ್ತಿ. ಮರಗಟ್ಟಿಸುವ ಔಷಧಿ ಬುಪಿವಕೇನ್ ಕೆಜಿಗೆ 2 ಮಿಲಿಗ್ರಾಂ ದಾಟಬಾರದು ಅಂತ ನನ್ನ ಗೆರೆ. ಅಂದರೆ 90 ಮಿಲಿಗ್ರಾಂ. 0.25 ಪರ್ಸೆಂಟಿನ 30 ಎಂಎಲ್‌ಗೇ 75 ಹೋಯಿತು. ಉಳಿದ 6 ಎಂಎಲನ್ನು ಸರ್ಜನ್ ಕೈಗೆ ಕೊಡುತ್ತೇನೆ, ಹೊಲಿಗೆ ಹಾಕುವ ಮುಂಚೆ ಆ ಅಂಚಿಗೆ ಚುಚ್ಚುತ್ತಾರೆ. ಔಷಧಿ ರಕ್ತಕ್ಕೆ ಜಾಸ್ತಿ ಸೇರಿದರೆ ಫಿಟ್ಸ್ ಬರಬಹುದು, ಹೃದಯವೇ ನಿಲ್ಲಬಹುದು. ಅದಕ್ಕೇ ಆ ವಿಷ ಇಳಿಸುವ 20 ಪರ್ಸೆಂಟ್ ಲಿಪಿಡ್ (ಕೊಬ್ಬಿನ ದ್ರಾವಣ) ಬಾಟಲಿ ಪಕ್ಕದಲ್ಲಿ ಇಲ್ಲದೆ ನಾನು ಸೂಜಿ ಹಿಡಿಯುವುದಿಲ್ಲ.

ಸರ್ಜನ್‌ಗೆ ಮೊದಮೊದಲು ತಕರಾರಿತ್ತು. ಸ್ನಾಯುಗಳ ನಡುವೆ ಔಷಧಿಯ ನೀರು ತುಂಬಿ ಕಾಟರಿ (ಕರೆಂಟಿನಿಂದ ಸುಟ್ಟು ಕತ್ತರಿಸುವ ಉಪಕರಣ) ಸರಿಯಾಗಿ ಸುಡುವುದಿಲ್ಲ ಅನ್ನುತ್ತಿದ್ದರು. ಮಾತು ಸುಳ್ಳಲ್ಲ. ಆದರೆ ಅರಿವಳಿಕೆ ಕೊಟ್ಟ ಕೂಡಲೇ ಬ್ಲಾಕ್ ಹಾಕಿ, ಬಣ್ಣ ಬಳಿದು, ಬಟ್ಟೆ ಹೊದಿಸುವಷ್ಟರಲ್ಲಿ ಹದಿನೈದು ನಿಮಿಷ ಆಗುತ್ತದೆ, ಅಷ್ಟರಲ್ಲಿ ಔಷಧಿ ಒಂದಿಷ್ಟು ಹರಡಿರುತ್ತದೆ. ಈಗ ಅವರೇ "ಬ್ಲಾಕ್ ಆಯ್ತೇನ್ರಿ?" ಅಂತ ಕೇಳುತ್ತಾರೆ.

ಮಷೀನಿನದ್ದು ಬೇರೆಯೇ ಕಥೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇದೆಯಲ್ಲ, ನರ ಹುಡುಕುವ ಅಲ್ಟ್ರಾಸೌಂಡನ್ನೂ ಅದರಡಿ ನೋಂದಾಯಿಸಬೇಕು. ಬ್ಯಾಗಿಗೆ ಹಾಕಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಾಡುವ ಹಾಗಿಲ್ಲ. ಕಾಯ್ದೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಷೀನಿಲ್ಲದ ಕಡೆ ಕೆಲಸಕ್ಕೆ ಹೋದ ದಿನ ಕೈ ಕಟ್ಟಿದ ಹಾಗಾಗುತ್ತದೆ.

ಆ ಹಿರಿಯರ ಕೇಸಿನಲ್ಲಿ ನನ್ನ ಇನ್ನೊಂದು ತಪ್ಪೂ ಇತ್ತು. "ನೋವಿದ್ದರೆ ಕೊಡಿ" ಅಂತ ಬರೆದು ಮನೆಗೆ ಹೋಗಿದ್ದೆ. ರಾತ್ರಿ ಮೂರರ ಹೊತ್ತಿಗೆ ಬ್ಲಾಕ್ ಇಳಿದಿದೆ. ಅವರು ಬೆಳಗಿನವರೆಗೂ ಹಲ್ಲು ಕಚ್ಚಿ ಮಲಗಿದ್ದರು. "ಸಿಸ್ಟರಿಗೆ ಆಗ ಕಣ್ಣು ಹತ್ತಿತ್ತು, ಯಾಕ ಎಬ್ಬಸಬೇಕಂತ ಸುಮ್ನ ಇದ್ದೆ" ಅಂದರು. ಆಮೇಲೆ ಕೊಟ್ಟ ನೋವಿನ ಔಷಧಿ ಟ್ರಾಮಡಾಲ್‌ಗೆ ಎರಡು ಸಲ ವಾಂತಿ. ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿ, ಗಾಯದ ನೀರು ಹೊರಗೆ ಹೋಗಲು ಡ್ರೇನ್ ನಳಿಕೆ ಹಾಕಿರುವಾಗ ವಾಂತಿ ಅಂದರೆ ಏನು, ಯೋಚಿಸಿ.

ಅಂದಿನಿಂದ ನೋವಿರಲಿ ಬಿಡಲಿ, ಆರು ಗಂಟೆಗೊಮ್ಮೆ ಪ್ಯಾರಸಿಟಮಾಲ್ 650. ಬ್ಲಾಕ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ಶುರು. ಕೇಳಿದರೆ ಮಾತ್ರ ಟ್ರಾಮಡಾಲ್, ಅದೂ ವಾಂತಿ ತಡೆಯುವ ಇಂಜೆಕ್ಷನ್ ಕೊಟ್ಟು.

ಕೇಸ್ ಶೀಟಿನಲ್ಲಿ ಹತ್ತರ ಲೆಕ್ಕವನ್ನೇ ಬರೆಯಬೇಕು. ಬಾಯಲ್ಲಿ ಮಾತ್ರ ಆಣೆಯಲ್ಲೇ ಕೇಳುತ್ತೇನೆ. ಹದಿನಾರಾಣೆಗೆ ಆರಾಣೆ ಅಂದರೆ ಹತ್ತಕ್ಕೆ ನಾಲ್ಕು ಅಂತ ಬರೆದುಕೊಳ್ಳುತ್ತೇನೆ.