ಮುಸಲ್ಲಾ (ನಮಾಝ್‌ನ ಚಾಪೆ) ಮಡಿಸಿದ ಮೇಲೂ ಇಬಾದತ್: ಒಂದು ದಿನವನ್ನು ನಡೆಸುವ ಬಗೆ

ಇಬಾದತ್ (ಆರಾಧನೆ) ಎಂಬ ಪದ ಹುಟ್ಟಿರುವುದು ‘ಅಬ್ದ್’ ಎಂಬುದರಿಂದ. ಅಬ್ದ್ ಅಂದರೆ ದಾಸ. ದಾಸನಾದವನಿಗೆ ಬೆಳಗ್ಗೆ ಒಂದಿಷ್ಟು ಹೊತ್ತು ದಾಸ್ಯ, ಆಮೇಲೆ ಬಿಡುವು ಎಂಬುದಿಲ್ಲ. ಜಿನ್ನ್‌ಗಳನ್ನೂ ಮನುಷ್ಯರನ್ನೂ ತನ್ನ ಇಬಾದತ್‌ಗೆಂದೇ ಸೃಷ್ಟಿಸಿದ್ದಾಗಿ ಅಲ್ಲಾಹನು ಕುರ್‌ಆನ್‌ನಲ್ಲಿ ಹೇಳುತ್ತಾನೆ (51:56). ಫಜ್ರ್ (ಮುಂಜಾನೆ), ಝುಹ್ರ್ (ಮಧ್ಯಾಹ್ನ), ಅಸ್ರ್ (ಸಂಜೆಗೆ ಮುಂಚೆ), ಮಗ್ರಿಬ್ (ಸೂರ್ಯ ಮುಳುಗಿದ ಮೇಲೆ), ಇಶಾ (ರಾತ್ರಿ), ಈ ಐದು ಹೊತ್ತಿನ ಫರ್ಝ್ (ಕಡ್ಡಾಯ) ನಮಾಝ್ ಒಟ್ಟು 17 ರಕಅತ್ (ನಿಂತು, ಬಾಗಿ, ಹಣೆ ನೆಲಕ್ಕಿಡುವ ಒಂದು ಸುತ್ತು). ವುಝೂ (ನಮಾಝ್‌ಗೆ ಮುಂಚಿನ ಅಂಗಶುದ್ಧಿ), ಸುನ್ನತ್ (ಕಡ್ಡಾಯವಲ್ಲದ, ಪ್ರವಾದಿಯ ರೂಢಿಯದು) ಎಲ್ಲ ಸೇರಿಸಿದರೂ ಒಂದೂವರೆ ಗಂಟೆ ಹಿಡಿದೀತು. ಹಾಗಾದರೆ ಮಿಕ್ಕ ಹೊತ್ತನ್ನೆಲ್ಲ ಯಾವ ಲೆಕ್ಕಕ್ಕೆ ಬರೆಯುವುದು?

ಇದಕ್ಕೆ ಉತ್ತರ ಪ್ರವಾದಿ ಮುಹಮ್ಮದ್(ಸ)ರ ಅನುಯಾಯಿ ಅಬೂಝರ್(ರ) ವರದಿ ಮಾಡಿದ ಹದೀಸಿನಲ್ಲಿದೆ. ಹದೀಸ್ ಎಂದರೆ ಪ್ರವಾದಿಯ ನಡೆನುಡಿಯ ವರದಿ; (ಸ), (ರ) ಗೌರವದ ಹಾರೈಕೆಯ ಗುರುತು. ಹೆಂಡತಿಯೊಂದಿಗಿನ ದಾಂಪತ್ಯ ಸುಖವೂ ದಾನವೇ ಎಂದು ಪ್ರವಾದಿ(ಸ) ಹೇಳಿದಾಗ ಜೊತೆಗಿದ್ದ ಅನುಯಾಯಿಗಳಿಗೆ ಅಚ್ಚರಿ. ತನ್ನ ಆಸೆ ತೀರಿಸಿಕೊಂಡವನಿಗೂ ಪುಣ್ಯವೇ ಎಂದು ಕೇಳಿದರು. ಅದನ್ನೇ ನಿಷಿದ್ಧ ದಾರಿಯಲ್ಲಿ ತೀರಿಸಿಕೊಂಡರೆ ಪಾಪವಲ್ಲವೇ, ಹಾಗೆಯೇ ಧರ್ಮಸಮ್ಮತ ದಾರಿಯಲ್ಲಾದರೆ ಪುಣ್ಯ ಎಂಬ ಉತ್ತರ ಬಂತು. ಅಂದರೆ ಮಾಮೂಲಿ ಕೆಲಸ ಇಬಾದತ್ ಆಗುವುದಕ್ಕೆ ಮೂರು ಸಂಗತಿ ಕೂಡಬೇಕು. ಕೆಲಸ ಹಲಾಲ್ ಆಗಿರಬೇಕು, ಮಾಡುವ ರೀತಿಯೂ ಹಲಾಲ್ ಆಗಿರಬೇಕು, ಯಾರಿಗಾಗಿ ಮಾಡುತ್ತಿದ್ದೇನೆ ಎಂಬ ನಿಯ್ಯತ್ (ಸಂಕಲ್ಪ) ಇರಬೇಕು. ಇದರ ಜೊತೆಗೆ ಒಂದು ಗಡಿ: ಆ ಕೆಲಸ ಯಾವ ಫರ್ಝನ್ನೂ ನುಂಗಬಾರದು.

ಹೆಚ್ಚಿನವರು ಎಡವುವುದು ಈ ಗಡಿಯಲ್ಲೇ. ‘ದುಡಿಮೆಯೇ ಇಬಾದತ್ ಅಲ್ಲವಾ’ ಎನ್ನುತ್ತಾ ಝುಹ್ರ್ ಬಿಡುತ್ತಾರೆ. ದುಡಿಮೆಗೆ ಆ ಮರ್ಯಾದೆ ಬರುವುದೇ ಝುಹ್ರ್‌ನಿಂದ. ನಮಾಝ್ ಗೂಟದ ಹಾಗೆ. ಗೂಟ ಕಿತ್ತುಬಿಟ್ಟು ಹಗ್ಗ ಗಟ್ಟಿಯಿದೆ ಎಂದರೆ ಪ್ರಯೋಜನವಿಲ್ಲ.

ನಿಯ್ಯತ್ ಎಂದರೆ ಬಾಯಿಪಾಠವಲ್ಲ, ಮನಸ್ಸಿನ ತೀರ್ಮಾನ. ದಿನಕ್ಕೆ ನೂರು ಸಲ ಹೊಸದಾಗಿ ನಿಯ್ಯತ್ ಮಾಡಲು ಯಾರಿಗೂ ಆಗದು. ಅದಕ್ಕಾಗಿ ದಿನದ ಎರಡು ಮೂರು ತಿರುವುಗಳನ್ನು ಗುರುತು ಮಾಡಿಕೊಳ್ಳಿ. ಮನೆಯಿಂದ ಹೊರಡುವಾಗ ಚಪ್ಪಲಿ ಮೆಟ್ಟುವ ಹೊತ್ತು, ಅಂಗಡಿಯ ಶಟರ್ ಎತ್ತುವ ಹೊತ್ತು, ಒಲೆ ಹಚ್ಚುವ ಹೊತ್ತು. ಆಗ ಬಿಸ್ಮಿಲ್ಲಾಹ್ ಹೇಳಿ, ‘ನನ್ನ ಹೊಣೆಗೆ ಬಿಟ್ಟವರನ್ನು ಹಲಾಲ್ ಆಗಿ ಸಾಕುವುದಕ್ಕೆ’ ಎಂದು ಮನಸ್ಸಿನಲ್ಲಿ ಒಮ್ಮೆ ನಿಲ್ಲಿಸಿಕೊಂಡರೆ ಸಾಕು. ಮುಂದಿನ ತಿರುವಿನವರೆಗೂ ಅದು ನಡೆಯುತ್ತದೆ.

ವುಝೂ: ಹಿಮ್ಮಡಿ ನೋಡಿ

ಪ್ರವಾದಿ(ಸ) ಒಂದು ‘ಮುದ್ದ್’ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಇಂದಿನ ಅಳತೆಯಲ್ಲಿ ಅದು ಸುಮಾರು ಮುಕ್ಕಾಲು ಲೀಟರ್. ನಲ್ಲಿಯನ್ನು ಪೂರ್ತಿ ತಿರುಗಿಸಿ ಎರಡು ನಿಮಿಷ ಬಿಟ್ಟರೆ ಹತ್ತು ಲೀಟರ್ ದಾಟುತ್ತದೆ. ಒಂದು ವಾರ ಲೋಟ ಅಥವಾ ತಂಬಿಗೆ ಹಿಡಿದು ವುಝೂ ಮಾಡಿ ನೋಡಿ. ಕೈಗೆ ಅಳತೆ ತಾನಾಗಿ ಬರುತ್ತದೆ, ಆಮೇಲೆ ನಲ್ಲಿಯ ಕೆಳಗೂ ಕಡಿಮೆ ನೀರು ಸಾಕಾಗುತ್ತದೆ.

ಕುರ್‌ಆನ್ ಹೆಸರಿಸಿದ ಕಡ್ಡಾಯ ಭಾಗಗಳು ನಾಲ್ಕು (5:6): ಮುಖ ತೊಳೆಯುವುದು, ಮೊಣಕೈ ಸಮೇತ ಕೈ ತೊಳೆಯುವುದು, ತಲೆ ಸವರುವುದು, ಹರಡಿನ ಗಂಟು ಸಮೇತ ಕಾಲು ತೊಳೆಯುವುದು. ಮುಖವೆಂದರೆ ಹಣೆಯ ಮೇಲೆ ಕೂದಲು ಹುಟ್ಟುವಲ್ಲಿಂದ ಗಲ್ಲದ ಕೆಳಗಿನವರೆಗೆ, ಈ ಕಿವಿಯಿಂದ ಆ ಕಿವಿಯವರೆಗೆ. ಅಂಗೈ ತೊಳೆಯುವುದು, ಬಾಯಿ ಮುಕ್ಕಳಿಸುವುದು, ಮೂಗಿಗೆ ನೀರು ಏರಿಸುವುದು, ಮೂರು ಮೂರು ಸಲ ಮಾಡುವುದು ಸುನ್ನತ್. ಶಾಫಿಈ ಮದ್‌ಹಬ್‌ನಲ್ಲಿ ನಿಯ್ಯತ್ ಮತ್ತು ಕ್ರಮವೂ ಕಡ್ಡಾಯ. ಶಾಫಿಈ, ಹನಫಿ ಎಂಬವು ಧರ್ಮಶಾಸ್ತ್ರದ ಎರಡು ಪಂಥ, ಅಂದರೆ ಮದ್‌ಹಬ್.

ಅವಸರದಲ್ಲಿ ಒಣಗಿ ಉಳಿಯುವ ಜಾಗಗಳು ಯಾವಾಗಲೂ ಅವೇ: ಹಿಮ್ಮಡಿ, ಮೊಣಕೈ ತುದಿ, ಬಿಗಿಯಾದ ಉಂಗುರದಡಿ, ಕಾಲ್ಬೆರಳ ಸಂದು. ಒಡೆದ ಹಿಮ್ಮಡಿಯ ಮೇಲೆ ನೀರು ಸುರಿದರೆ ಹನಿಯಾಗಿ ಜಾರಿಹೋಗುತ್ತದೆ, ಬಿರುಕಿನೊಳಗೆ ಇಳಿಯುವುದಿಲ್ಲ. ಎಡಗೈಯಿಂದ ಉಜ್ಜಬೇಕು, ಬೆರಳ ಸಂದಿಗೆ ಕಿರುಬೆರಳು ಹಾಕಬೇಕು. ಪಾದದಲ್ಲಿ ಉಗುರಿನಷ್ಟು ಜಾಗ ಒಣಗಿದ್ದವನನ್ನು ಪ್ರವಾದಿ(ಸ) ಹಿಂದಕ್ಕೆ ಕಳಿಸಿ ಸರಿಯಾಗಿ ವುಝೂ ಮಾಡಿ ಬಾ ಎಂದಿದ್ದರು. ಉಗುರಿನ ಬಣ್ಣ ನೀರನ್ನು ತಡೆಯುತ್ತದೆ, ತೆಗೆಯಲೇಬೇಕು. ಮೆಹಂದಿಯ ಬಣ್ಣಕ್ಕೆ ಪದರವಿಲ್ಲ, ಅಡ್ಡಿಯಿಲ್ಲ. ರೊಟ್ಟಿ ತಟ್ಟಿ ಬಂದವರು ಉಗುರಿನ ಬುಡದಲ್ಲಿ ಒಣಗಿದ ಹಿಟ್ಟನ್ನೂ, ಪೇಂಟಿಂಗ್ ಕೆಲಸದವರು ಕೈಗಂಟಿದ ಬಣ್ಣವನ್ನೂ ಮೊದಲು ಬಿಡಿಸಿಕೊಳ್ಳಲಿ.

ಕೆಲಸದ ಜಾಗದಲ್ಲಿ ನಮಾಝ್

ಮೊದಲು ದಿಕ್ಕು. ನಮ್ಮಲ್ಲಿ ‘ಪಶ್ಚಿಮಕ್ಕೆ ನಿಂತರಾಯಿತು’ ಎಂಬ ರೂಢಿ. ಬೆಂಗಳೂರಿನಿಂದ ಖಿಬ್ಲಾ (ಮಕ್ಕಾದ ಕಅಬಾದ ದಿಕ್ಕು) ನೇರ ಪಶ್ಚಿಮಕ್ಕಿಂತ ಸುಮಾರು 18 ಡಿಗ್ರಿ ಬಲಕ್ಕೆ, ಅಂದರೆ ಉತ್ತರದ ಕಡೆಗೆ ಇದೆ. ಮಂಗಳೂರಿನಿಂದ ಸುಮಾರು 19, ಕಲಬುರಗಿಯಿಂದ ಸುಮಾರು 13. ಸ್ವಲ್ಪ ಆಚೀಚೆ ಆದರೆ ನಮಾಝ್ ಕೆಡುವುದಿಲ್ಲ, ಆದರೂ ಗೊತ್ತಿದ್ದೂ ಓರೆಯಾಗಿ ನಿಲ್ಲುವುದೇಕೆ? ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಕಪಾಟು, ಸ್ಪೀಕರ್, ಯಂತ್ರಗಳ ಪಕ್ಕ ಇಟ್ಟು ನೋಡಬೇಡಿ, ತಪ್ಪು ತೋರಿಸುತ್ತದೆ. ಬಯಲಿಗೆ ಬಂದು ಒಮ್ಮೆ ನೋಡಿ, ಕೋಣೆಯ ಒಂದು ಕಿಟಕಿಯನ್ನೋ ಕಂಬವನ್ನೋ ಗುರುತಾಗಿ ಇಟ್ಟುಕೊಳ್ಳಿ.

ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯಿಂದ ಇಳಿಯುವುದು ವರ್ಷದ ದಿನಕ್ಕೆ ತಕ್ಕಂತೆ 12.03ರಿಂದ 12.35ರೊಳಗೆ. ಆದ್ದರಿಂದ ಒಂದರಿಂದ ಎರಡರ ಊಟದ ಬಿಡುವು ಪೂರ್ತಿ ಝುಹ್ರ್ ಸಮಯದೊಳಗೇ ಬೀಳುತ್ತದೆ. ವುಝೂಗೆ ಮೂರು ನಿಮಿಷ, ನಾಲ್ಕು ರಕಅತ್ ಫರ್ಝ್‌ಗೆ ಆರೇಳು ನಿಮಿಷ. ಊಟದ ಮುಂಚೆ ಮುಗಿಸುವುದು ಒಳ್ಳೆಯದು. ‘ಉಂಡಾದ ಮೇಲೆ’ ಎಂದುಕೊಂಡರೆ ಬಿಡುವು ಮಾತಿನಲ್ಲೇ ಕರಗುತ್ತದೆ. ಹೊಟ್ಟೆ ಚುರುಗುಟ್ಟುತ್ತಾ ಊಟ ಎದುರಿಗೇ ಬಂದಿದ್ದರೆ ಮಾತ್ರ ಮೊದಲು ಉಣ್ಣಿ, ಹದೀಸೇ ಹಾಗೆ ಹೇಳುತ್ತದೆ.

ಅಸ್ರ್ ಕಷ್ಟದ್ದು. ಶಾಫಿಈ ಲೆಕ್ಕದಲ್ಲಿ ವಸ್ತುವಿನ ನೆರಳು ಅದರ ಒಂದರಷ್ಟು, ಹನಫಿ ಲೆಕ್ಕದಲ್ಲಿ ಎರಡರಷ್ಟು ಆದಾಗ (ಮಟಮಟ ಮಧ್ಯಾಹ್ನದ ನೆರಳನ್ನು ಬಿಟ್ಟು) ಅಸ್ರ್ ಶುರು. ಇವೆರಡರ ನಡುವೆ ನಮ್ಮಲ್ಲಿ ಸುಮಾರು 50ರಿಂದ 70 ನಿಮಿಷದ ಅಂತರ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ. ಘಟ್ಟದ ಮೇಲೆ ಹೆಚ್ಚಿನವರು ಹನಫಿ. ಮೊಬೈಲ್ ಆ್ಯಪ್‌ನಲ್ಲಿ ನಿಮ್ಮ ಮದ್‌ಹಬ್ ಆರಿಸದೆ ಅಲಾರಂ ಇಟ್ಟರೆ ಗೊಂದಲ ಖಂಡಿತ. ಮಗ್ರಿಬ್‌ಗೆ ಸಿಗುವುದು ಒಂದು ಗಂಟೆ ಹತ್ತು ನಿಮಿಷದ ಆಸುಪಾಸು. ಸಂಜೆಯ ಟ್ರಾಫಿಕ್ಕಿನಲ್ಲಿ ಅದು ಬಸ್ಸಿನೊಳಗೇ ಕಳೆದುಹೋಗುವ ಹಾಗಿದ್ದರೆ ಕೆಲಸದ ಜಾಗದಲ್ಲೇ ಹತ್ತು ನಿಮಿಷ ಕಾದು ಮುಗಿಸಿ ಹೊರಡಿ, ಇಲ್ಲವೇ ದಾರಿಯ ಯಾವ ಮಸೀದಿಯ ಬಳಿ ಇಳಿಯಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಹೊತ್ತು ಕಡಿಮೆ ಇದ್ದಾಗ ಸುನ್ನತ್ ಕಡಿಮೆ ಮಾಡಬಹುದು, ವೇಗ ಹೆಚ್ಚಿಸಬಾರದು. ರುಕೂವಿನಲ್ಲಿ (ಸೊಂಟ ಬಾಗಿಸಿದಾಗ) ಬೆನ್ನು ಚಪ್ಪಟೆಯಾಗಿ ನಿಲ್ಲುವ ತನಕ, ಎದ್ದಾಗ ಬೆನ್ನುಮೂಳೆ ನೆಟ್ಟಗಾಗುವ ತನಕ, ಎರಡು ಸಜ್ದಾಗಳ (ಹಣೆ ನೆಲಕ್ಕಿಡುವುದು) ನಡುವೆ ಪೂರ್ತಿ ಕೂರುವ ತನಕ ತಡೆಯಿರಿ. ಸಜ್ದಾದಲ್ಲಿ ಹಣೆಯ ಜೊತೆ ಮೂಗೂ ನೆಲಕ್ಕೆ ತಾಗಲಿ, ಕಾಲ್ಬೆರಳುಗಳು ಮೇಲೇಳದಿರಲಿ. ಗಡಿಬಿಡಿಯಲ್ಲಿ ನಮಾಝ್ ಮಾಡಿದವನಿಗೆ ಪ್ರವಾದಿ(ಸ) ‘ಹಿಂತಿರುಗಿ ನಮಾಝ್ ಮಾಡು, ನೀನು ನಮಾಝ್ ಮಾಡಿಲ್ಲ’ ಎಂದು ಮೂರು ಸಲ ಹೇಳಿ ಕಳಿಸಿದ್ದರು. ಆತ ಬಿಟ್ಟಿದ್ದು ಈ ನಿಧಾನವನ್ನೇ. ಮೂರಾಯಿತೋ ನಾಲ್ಕಾಯಿತೋ ಎಂಬ ಸಂಶಯ ಬಂದು ಯಾವುದೂ ಗಟ್ಟಿಯಾಗಿ ತೋಚದಿದ್ದರೆ ಕಡಿಮೆಯದನ್ನು ಹಿಡಿದು ಪೂರ್ತಿ ಮಾಡಿ, ಮರೆವಿಗೆ ಪರಿಹಾರವಾದ ಸಹ್ವ್‌ನ ಎರಡು ಸಜ್ದಾ ಮಾಡಿ. ಶಾಫಿಈಗಳು ನಮಾಝ್ ಮುಗಿಸುವ ಸಲಾಮಿಗೆ ಮೊದಲು ಮಾಡುತ್ತಾರೆ, ಹನಫಿಗಳು ಬಲಕ್ಕೆ ಒಂದು ಸಲಾಮ್ ಹೇಳಿ ಮಾಡುತ್ತಾರೆ.

ಇನ್ನೊಂದು ಮಾತು. ನಮಾಝ್‌ಗೆಂದು ಹದಿನೈದು ನಿಮಿಷ ಕೇಳಿ ನಲವತ್ತು ನಿಮಿಷ ಹೊರಗಿದ್ದರೆ ಹೆಚ್ಚಿನ ಇಪ್ಪತ್ತೈದು ನಿಮಿಷ ಮಾಲೀಕನ ಸೊತ್ತು. ಅದನ್ನು ಸಂಜೆ ತುಂಬಿಕೊಡಿ.

ಪ್ರಯಾಣದಲ್ಲಿ

ಹನಫಿ ಲೆಕ್ಕದಲ್ಲಿ ಸುಮಾರು 78 ಕಿ.ಮೀ., ಶಾಫಿಈ ಲೆಕ್ಕದಲ್ಲಿ ಸುಮಾರು 82 ಕಿ.ಮೀ. ದಾಟುವ ಪ್ರಯಾಣದಲ್ಲಿ ನಾಲ್ಕರ ಫರ್ಝ್ ಎರಡಾಗುತ್ತದೆ. ಫಜ್ರ್ ಎರಡೇ, ಮಗ್ರಿಬ್ ಮೂರೇ. ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವವರು ಮನೆಯಲ್ಲೇ ಇಶಾವನ್ನು ಎರಡಕ್ಕೆ ಇಳಿಸಿಬಿಡುವುದು ಸಾಮಾನ್ಯ ತಪ್ಪು. ಊರಿನ ಎಲ್ಲೆ ದಾಟುವವರೆಗೆ ಪ್ರಯಾಣಿಕನೆನಿಸುವುದಿಲ್ಲ. ಶಾಫಿಈಗಳು ದಾರಿಯಲ್ಲಿ ಮಗ್ರಿಬ್–ಇಶಾ ಸೇರಿಸಿ ಒಂದೇ ಹೊತ್ತಿನಲ್ಲಿ ಮಾಡಬಹುದು. ಹನಫಿಗಳಿಗೆ ಹಜ್ಜಿನ ಹೊರಗೆ ಆ ರಿಯಾಯಿತಿ ಇಲ್ಲ, ಕಿರಿದಾಗಿಸುವುದು ಮಾತ್ರ. ಸ್ಥಳೀಯ ಇಮಾಮರ ಹಿಂದೆ ನಿಂತರೆ ಪ್ರಯಾಣಿಕನೂ ನಾಲ್ಕೇ ಮಾಡಬೇಕು.

ತಕ್ಕಡಿಯ ಮುಂದೆ

ಕುರ್‌ಆನ್‌ನ 83ನೇ ಅಧ್ಯಾಯ ಶುರುವಾಗುವುದೇ ಅಳತೆಯಲ್ಲಿ ಕಡಿತ ಮಾಡುವವರಿಗೆ ವಿನಾಶ ಎಂದು. ತಾವು ಕೊಳ್ಳುವಾಗ ಭರ್ತಿ ಅಳೆಸಿಕೊಂಡು, ಕೊಡುವಾಗ ತಗ್ಗಿಸುವವರು ಅವರು. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಈ ಕಡಿತ ಕಣ್ಣಿಗೆ ಕಾಣದ ಹಾಗೆ ನಡೆಯುತ್ತದೆ. ದಪ್ಪ ಕವರ್ 10 ಗ್ರಾಂ ಇದೆ ಎನ್ನಿ. ಅದನ್ನು ಸೊನ್ನೆಗೆ ಇಳಿಸದೆ ಸಕ್ಕರೆ ತುಂಬಿ ತೂಗಿದರೆ 50 ಗಿರಾಕಿಗಳಿಗೆ ಅರ್ಧ ಕಿಲೋ ಸಕ್ಕರೆ ದುಡ್ಡು ಪಡೆದೂ ಕೊಡದೆ ಉಳಿಯಿತು. ಬರಿಯ ಕವರ್ ಇಟ್ಟು, ಟೇರ್ ಗುಂಡಿ ಒತ್ತಿ, 0.000 ಬಂದದ್ದು ನೋಡಿ, ಆಮೇಲೆ ಸುರಿಯಿರಿ. ಸೊಪ್ಪಿಗೆ ನೀರು ಚಿಮುಕಿಸಿದ್ದರೆ ಒದರಿ ತೂಗಿ. ಗೊತ್ತಿರುವ ಒಂದು ಕಿಲೋ ಬಟ್ಟು ಇಟ್ಟು ವಾರಕ್ಕೊಮ್ಮೆ ತಕ್ಕಡಿಯನ್ನು ಪರೀಕ್ಷಿಸಿ.

ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರವಾದಿ(ಸ)ಗೆ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆದದ್ದು ಎಂದ ವ್ಯಾಪಾರಿ. ಜನರಿಗೆ ಕಾಣುವ ಹಾಗೆ ಅದನ್ನು ಮೇಲೆ ಇಡಬಾರದಿತ್ತೇ, ಮೋಸ ಮಾಡುವವನು ನಮ್ಮವನಲ್ಲ ಎಂದರು ಪ್ರವಾದಿ(ಸ). ಬುಟ್ಟಿಯಲ್ಲಿ ಕೊಳೆತ ಟೊಮೆಟೊ ಕೆಳಗೆ ಹೋಗುವುದಕ್ಕೂ, ಹಳೆ ಬೈಕಿನ ದೋಷ ಹೇಳದೆ ಮಾರುವುದಕ್ಕೂ ಇದೇ ಮಾತು. ಇಲ್ಲಿ ಆದ ತಪ್ಪನ್ನು ಅಲ್ಲಾಹನನ್ನು ಸ್ತುತಿಸುವ ತಸ್ಬೀಹ್‌ನಿಂದ ತೊಳೆಯಲಾಗದು. ನಮಾಝ್, ಉಪವಾಸ, ಝಕಾತ್ (ಕಡ್ಡಾಯ ದಾನ) ಎಲ್ಲ ಹೊತ್ತುತಂದೂ ಇನ್ನೊಬ್ಬರ ಸೊತ್ತು ತಿಂದಿದ್ದರೆ ಆ ಪುಣ್ಯವೆಲ್ಲ ಅವರಿಗೆ ಹೋಗಿ ಬರಿಗೈಯಾಗುವವನೇ ನಿಜವಾದ ದಿವಾಳಿ ಎಂದು ಹದೀಸ್ ಎಚ್ಚರಿಸುತ್ತದೆ. ಹಣ ಹಿಂತಿರುಗಿಸಬೇಕು, ಗಿರಾಕಿ ಯಾರೆಂದೇ ಗೊತ್ತಿಲ್ಲದಿದ್ದರೆ ಅವರ ಹೆಸರಿನಲ್ಲಿ ಬಡವರಿಗೆ ಕೊಡಬೇಕು.

ಅದೇ ಅಂಗಡಿಯ ಝಕಾತ್ ಲೆಕ್ಕಕ್ಕೆ ಹಿಜರಿ ತಿಂಗಳ ಒಂದು ತಾರೀಕು ನಿಗದಿ ಮಾಡಿ. ಚಾಂದ್ರ ವರ್ಷಕ್ಕೆ 354 ದಿನ. ಇಂಗ್ಲಿಷ್ ತಾರೀಕು ಹಿಡಿದರೆ ಪ್ರತಿ ವರ್ಷ 11 ದಿನ ತಡವಾಗುತ್ತದೆ. ಹನಫಿ ಲೆಕ್ಕದ ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಸೊತ್ತು) ಏಳೂವರೆ ತೊಲೆ ಚಿನ್ನ (87.48 ಗ್ರಾಂ) ಅಥವಾ 52.5 ತೊಲೆ ಬೆಳ್ಳಿ (612.36 ಗ್ರಾಂ). ಆ ದಿನ ಅಂಗಡಿಯ ಮಾಲು ಮಾರಾಟದ ಬೆಲೆಯಲ್ಲಿ 4,00,000, ಕೈಯಲ್ಲೂ ಬ್ಯಾಂಕಿನಲ್ಲೂ 1,20,000, ಖಂಡಿತ ಬರುವ ಉದ್ರಿ 80,000 ಇದ್ದರೆ ಒಟ್ಟು 6,00,000. ಹೋಲ್‌ಸೇಲ್‌ನವರಿಗೆ ಕೊಡಬೇಕಾದ 1,50,000 ಕಳೆದು 4,50,000ಕ್ಕೆ ಶೇ. 2.5ರಂತೆ 11,250 ರೂಪಾಯಿ. ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಲ್ಲಿ ಸಾಲ ಕಳೆಯುವಂತಿಲ್ಲ. ಫ್ರಿಜ್, ರ್‍ಯಾಕ್, ತಕ್ಕಡಿ, ವಾಸದ ಮನೆ ಲೆಕ್ಕಕ್ಕಿಲ್ಲ. ಮೈಮೇಲಿನ ಚಿನ್ನ ಹನಫಿಗಳಿಗೆ ಲೆಕ್ಕಕ್ಕಿದೆ. ಶಾಫಿಈಗಳಿಗೆ ರೂಢಿಯ ಮಿತಿಯಲ್ಲಿ ಮಹಿಳೆಯರು ತೊಡುವುದಕ್ಕಿಲ್ಲ.

ಮನೆಯಲ್ಲಿ, ಮಲಗುವಾಗ

ಹೆಂಡತಿಯ ಬಾಯಿಗಿಡುವ ತುತ್ತಿಗೂ ಪ್ರತಿಫಲವಿದೆ ಎಂದು ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ಪ್ರವಾದಿ(ಸ) ಹೇಳಿದ್ದರು. ರಾತ್ರಿಯಿಡೀ ನಮಾಝ್, ಹಗಲಿಡೀ ಉಪವಾಸ ಎಂದು ಹೊರಟಿದ್ದ ಅಬೂದರ್ದಾ(ರ)ರನ್ನು ಸಲ್ಮಾನ್(ರ) ತಡೆದು, ನಿನ್ನ ದೇಹಕ್ಕೂ ಹೆಂಡತಿಗೂ ನಿನ್ನ ಮೇಲೆ ಹಕ್ಕಿದೆ ಎಂದರು. ಸಲ್ಮಾನ್ ಹೇಳಿದ್ದು ಸತ್ಯ ಎಂದರು ಪ್ರವಾದಿ(ಸ). ಆದ್ದರಿಂದ ಐಚ್ಛಿಕ ಇಬಾದತ್ ಸೇರಿಸುವವರು ಒಂದೇ ಸಲ ಹೊರೆ ಹೊರಬೇಡಿ. ದಿನಕ್ಕೆ ಕುರ್‌ಆನ್‌ನ ಒಂದು ಪುಟ, ಎರಡು ರಕಅತ್, ಇಷ್ಟನ್ನು 40 ದಿನ ಬಿಡದೆ ನಡೆಸಿದ ಮೇಲೆ ಇನ್ನೊಂದನ್ನು ಸೇರಿಸಿ. ಅಲ್ಲಾಹನಿಗೆ ಪ್ರಿಯವಾದ ಕರ್ಮ ಚಿಕ್ಕದಾದರೂ ನಿರಂತರವಾದದ್ದು.

ಮನೆಗೆಲಸದಿಂದ ಬಸವಳಿದ ಮಗಳು ಫಾತಿಮಾ(ರ) ಆಳು ಬೇಕೆಂದು ಕೇಳಿದಾಗ ಪ್ರವಾದಿ(ಸ) ಕಲಿಸಿದ್ದು ಮಲಗುವ ಮುನ್ನದ ಝಿಕ್ರ್ (ಅಲ್ಲಾಹನ ಸ್ಮರಣೆ): ಸುಬ್‌ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 34. ಬೆರಳ ಗೆಣ್ಣುಗಳಲ್ಲೇ ಎಣಿಸಬಹುದು, ಎರಡು ನಿಮಿಷ ಸಾಕು. ಫಜ್ರ್‌ಗೆ ಏಳುವ ನಿಯ್ಯತ್ ಮಾಡಿ ಮಲಗಿದರೆ ನಿದ್ದೆಯೂ ಲೆಕ್ಕಕ್ಕೆ ಸೇರುತ್ತದೆ. ಫೋನನ್ನು ದಿಂಬಿನ ಬಳಿ ಇಡದೆ, ಎದ್ದು ನಡೆದೇ ಅಲಾರಂ ಆರಿಸಬೇಕಾದಷ್ಟು ದೂರ ಇಡಿ. ಇಷ್ಟಾಗಿಯೂ ಎಚ್ಚರವಾಗದೆ ಹೊತ್ತು ಮೀರಿದರೆ, ಎದ್ದ ಕೂಡಲೇ ವುಝೂ ಮಾಡಿ ಆ ಎರಡು ರಕಅತ್ ತೀರಿಸಿ. ಹನಫಿಗಳು ಸೂರ್ಯ ಹುಟ್ಟುತ್ತಿರುವ ಹೊತ್ತಾಗಿದ್ದರೆ ಸುಮಾರು 15–20 ನಿಮಿಷ ಕಾಯಬೇಕು. ಮರೆತವನಿಗೂ ಮಲಗಿಬಿಟ್ಟವನಿಗೂ ನೆನಪಾದಾಗ ಮಾಡುವುದೇ ಪ್ರಾಯಶ್ಚಿತ್ತ, ಬೇರೇನಿಲ್ಲ ಎಂದು ಹದೀಸಿನಲ್ಲಿದೆ. ನಾಳೆಯ ಫಜ್ರ್‌ವರೆಗೆ ಅದನ್ನು ಇಟ್ಟುಕೊಳ್ಳಬೇಡಿ.